1981ರ ಐಬಿಎಂ ಪಿಸಿಗೆ ಆ ಕಾಲದ್ದೇ ಮಾನಿಟರ್ ಬೇಕು, ಯಾವುದನ್ನು ಹುಡುಕಲಿ?

ಐಬಿಎಂ 5150 ಸಿಕ್ಕಿದೆ, ಮಾನಿಟರ್ ಇಲ್ಲ ಅಂತ ಕೇಳಿದ್ದೀರಿ. ಹುಡುಕಾಟಕ್ಕೆ ಇಳಿಯುವ ಮೊದಲು ಪಿಸಿಯ ಹಿಂಭಾಗ ನೋಡಿ. ಮಾನಿಟರ್ ಹೊಂದಬೇಕಾದ್ದು ಇಸವಿಗಲ್ಲ, ಒಳಗಿರುವ ಡಿಸ್‌ಪ್ಲೇ ಕಾರ್ಡಿಗೆ. ಐಬಿಎಂನದೇ ಕಾರ್ಡಾದರೆ ಗುರುತಿಸುವುದು ಸುಲಭ: 9 ಪಿನ್ ಸಾಕೆಟ್ಟಿನ ಪಕ್ಕ 25 ಪಿನ್‌ನ ಪ್ರಿಂಟರ್ ಪೋರ್ಟ್ ಇದ್ದರೆ ಎಂಡಿಎ, ಅಂದರೆ ಒಂದೇ ಬಣ್ಣದ (ಮೊನೊಕ್ರೋಮ್) ಕಾರ್ಡು; ದುಂಡಗಿನ ಕಾಂಪೊಸಿಟ್ (ಇಡೀ ಚಿತ್ರ ಒಂದೇ ತಂತಿಯಲ್ಲಿ ಹೋಗುವ) ಸಾಕೆಟ್ ಇದ್ದರೆ ಸಿಜಿಎ, ಅಂದರೆ ಕಲರ್ ಕಾರ್ಡು.

ಮುಂದಿನದನ್ನು ದಯವಿಟ್ಟು ಗಮನವಿಟ್ಟು ಓದಿ. ಎರಡಕ್ಕೂ ಅದೇ 9 ಪಿನ್ ಪ್ಲಗ್, ಆದರೆ ಸಿಗ್ನಲ್ ಬೇರೆ. ಎಂಡಿಎ ಸೆಕೆಂಡಿಗೆ ಸುಮಾರು 18,400 ಅಡ್ಡಗೆರೆ ಕಳಿಸುತ್ತದೆ, ಸಿಜಿಎ ಸುಮಾರು 15,700. ನಾನು ಒಮ್ಮೆ ಪ್ಲಗ್ ಕೂತಿತಲ್ಲ ಅಂತ ಮೊನೊಕ್ರೋಮ್ ಮಾನಿಟರನ್ನು ಕಲರ್ ಕಾರ್ಡಿಗೆ ಸಿಕ್ಕಿಸಿದೆ. ಕಿವಿ ಚುಚ್ಚುವ ಕೀರಲು ಸದ್ದು ಬಂತು, ಸುಟ್ಟ ವಾಸನೆ ಬಂತು, ಅಲ್ಲಿಗೆ ಮುಗಿಯಿತು. ಆ ಮಾನಿಟರ್ ಮತ್ತೆ ಹೊತ್ತಲಿಲ್ಲ. ಇವತ್ತಿಗೂ ನೆನೆದರೆ ಬೇಜಾರಾಗುತ್ತದೆ.

ಎಂಡಿಎ ಇದ್ದರೆ ಬೇರೆ ಯೋಚನೆಯೇ ಬೇಡ, ಐಬಿಎಂನದೇ ಮೊನೊಕ್ರೋಮ್ ಮಾನಿಟರ್ 5151 ಹುಡುಕಿ. 720×350ರಲ್ಲಿ ಹಸಿರು ಅಕ್ಷರಗಳು ಕೆತ್ತಿದಷ್ಟು ಸ್ಪಷ್ಟ. ಪರದೆ ಸೆಕೆಂಡಿಗೆ 50 ಸಲ ಮಾತ್ರ ಹೊಸದಾಗುವುದರಿಂದ ಮಿನುಗು ಕಾಣದಿರಲೆಂದು ಬೆಳಕು ನಿಧಾನವಾಗಿ ಆರುವ ಫಾಸ್ಫರ್ (ಪರದೆಯ ಒಳಗಿನ ಹೊಳೆಯುವ ಲೇಪ) ಬಳಸಿದ್ದಾರೆ. ಹಾಗಾಗಿ ಸಾಲುಗಳು ಮೇಲೆ ಸರಿದಾಗ ಹಿಂದೆ ಹಸಿರು ನೆರಳು ಉಳಿಯುತ್ತದೆ. ಅದು ದೋಷವಲ್ಲ, ನನಗಂತೂ ಅದೇ ಇಷ್ಟ. ಇದಕ್ಕೆ ಪವರ್ ಸ್ವಿಚ್ ಇಲ್ಲ, ಕರೆಂಟು ಪಿಸಿಯ ಹಿಂದಿನ ಸಾಕೆಟ್ಟಿನಿಂದಲೇ. ಮಾರುವವರು 'ಸ್ವಿಚ್ ಕಿತ್ತುಹೋಗಿದೆ' ಅಂದರೆ ಅನುಮಾನಿಸಬೇಡಿ.

ಸಿಜಿಎ ಆದರೆ ಎಲ್ಲರೂ ಐಬಿಎಂನ ಕಲರ್ ಮಾನಿಟರ್ 5153 ಅನ್ನುತ್ತಾರೆ. ಒಳ್ಳೆಯ ಮಾನಿಟರ್ರೇ. ಗಾಢ ಹಳದಿಯಲ್ಲಿ ಹಸಿರಿನ ಪ್ರಮಾಣ ತಗ್ಗಿಸಿ ಕಂದು ಮಾಡುವ ಸರ್ಕ್ಯೂಟ್ ಅದರೊಳಗೇ ಇದೆ. ಆದರೆ ಅದು ಬಂದದ್ದು 1983ರಲ್ಲಿ. ಅಲ್ಲಿಯವರೆಗೆ ಕಾಂಪೊಸಿಟ್ ಮಾನಿಟರೋ ಟಿವಿಯೋ ಜನರಿಗೆ ಸಾಕಾಗಿತ್ತು. ನಿಮಗೆ 1981ರದ್ದೇ ನೋಟ ಬೇಕಿದ್ದರೆ ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿಯ) ಕಾಂಪೊಸಿಟ್ ಮಾನಿಟರ್ ಹೆಚ್ಚು ನಿಜ, ಸಿಗುವುದೂ ಸುಲಭ. ಆಗಿನ ಕೆಲವು ಆಟಗಳು ಬಣ್ಣಕ್ಕಾಗಿ ಕಾಂಪೊಸಿಟ್ ಸಿಗ್ನಲ್ಲಿನ ಕಲಬೆರಕೆಯನ್ನೇ ನೆಚ್ಚಿಕೊಂಡಿದ್ದವು, 5153ರಲ್ಲಿ ಅವು ಬರೀ ಗೆರೆಗೆರೆಯಾಗಿ ಕಾಣುತ್ತವೆ.

ವಿಜಿಎ ಮಾನಿಟರ್ ಕಡೆ ಹೋಗಬೇಡಿ. ಅದು 1987ರದ್ದು, ಅನಲಾಗ್ ಸಿಗ್ನಲ್, ಅಡ್ಡಗೆರೆಯ ವೇಗ ಸಿಜಿಎಯ ಎರಡರಷ್ಟು.

ಕೊಳ್ಳುವಾಗ ಮೊದಲು ಆಫ್ ಮಾಡಿದ ಪರದೆಯನ್ನು ಬೆಳಕಿಗೆ ಹಿಡಿದು ನೋಡಿ, ಹಳೆಯ ಮೆನುವಿನ ಅಚ್ಚು ಉಳಿದಿದ್ದರೆ ಕಾಣುತ್ತದೆ. ಆಮೇಲೆ ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆ ಚಿತ್ರ ಕುಗ್ಗಿದರೆ ಕೆಪಾಸಿಟರ್ ಬದಲಿಸಬೇಕಾದೀತು. ಆ ಕೆಲಸ ಗೊತ್ತಿರುವವರಿಗೇ ಬಿಡಿ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.