ಆರೇ ಜನ ಬಂದರಿನಲ್ಲೇ ಎರಡು ಯುದ್ಧನೌಕೆ ಮುಳುಗಿಸಿದ್ದು ನಿಜವೇ?

ನಿಜ. ಎರಡನೇ ಮಹಾಯುದ್ಧದ ಕಾಲ, 1941ರ ಡಿಸೆಂಬರ್ 19ರ ನಸುಕು, ಈಜಿಪ್ಟಿನ ಅಲೆಕ್ಸಾಂಡ್ರಿಯಾ. ಬ್ರಿಟಿಷ್ ಹಡಗುಗಳಿಗಾಗಿ ಬಂದರಿನ ಬಾಗಿಲು ತೆರೆದಾಗ, ಅವುಗಳ ಹಿಂದೆಯೇ ಇಟಲಿಯ ಆರು ಮುಳುಗುಗಾರರು ಜನ ಕೂತು ನಡೆಸುವ ಮೂರು ಟಾರ್ಪಿಡೊಗಳ (ನೀರೊಳಗೆ ಸಾಗುವ ಸ್ಫೋಟಕ ವಾಹನ) ಮೇಲೆ ಸವಾರಿ ಮಾಡಿಕೊಂಡು ಒಳಗೆ ನುಸುಳಿದರು. ಅವರಲ್ಲೊಬ್ಬರಾದ ಲುಯಿಜಿ ದುರಾಂಡ್ ದೆ ಲಾ ಪೆನ್ನೆ ಬ್ರಿಟಿಷರ ಕೈಗೆ ಸಿಕ್ಕಿಬಿದ್ದರು. ತಾವೇ ಸ್ಫೋಟಕ ಇಟ್ಟಿದ್ದ 'ವೇಲಿಯಂಟ್' ಹಡಗಿನ ತಳದಲ್ಲೇ ಕೂಡಿಹಾಕಿದರೂ ಬಾಯಿ ಬಿಡಲಿಲ್ಲ, ಕೊನೇ ಗಳಿಗೆಯಲ್ಲಿ ಮಾತ್ರ ಕ್ಯಾಪ್ಟನ್ ಮಾರ್ಗನ್‌ಗೆ ಈಗ ಸ್ಫೋಟ ಆಗುತ್ತೆ ಎಂದು ಎಚ್ಚರಿಸಿದರು. ಎಂಥ ಎದೆಗಾರಿಕೆ ಅಲ್ವಾ! ಸ್ಫೋಟದಿಂದ 'ವೇಲಿಯಂಟ್' ತಳ ಕಚ್ಚಿತು, ಇನ್ನೊಂದು ಯುದ್ಧನೌಕೆ 'ಕ್ವೀನ್ ಎಲಿಜಬೆತ್' ಕೂಡ ತಳ ಕಚ್ಚಿತು.

ಆದರೆ ಅಲ್ಲಿ ನೀರಿನ ಆಳ ಕಮ್ಮಿ, ಡೆಕ್‌ಗಳು ಮೇಲೇ ಕಾಣುತ್ತಿದ್ದವು. ಹಾಗಾಗಿ ಬ್ರಿಟಿಷರು ಡೆಕ್ ಮೇಲೆ ಎಂದಿನಂತೆ ಕೆಲಸ ನಡೆಸುತ್ತಾ ನಷ್ಟವನ್ನು ಮುಚ್ಚಿಟ್ಟರು. ರಿಪೇರಿಗೆ ತಿಂಗಳುಗಟ್ಟಲೆ ಹಿಡಿಯಿತು. 1945ರಲ್ಲಿ ದೆ ಲಾ ಪೆನ್ನೆಗೆ ಇಟಲಿಯ ಚಿನ್ನದ ಪದಕ ತೊಡಿಸಿದ್ದು ಅದೇ ಮಾರ್ಗನ್.