ಬೋಲೋ ಟೈಗೆ ಕಲ್ಲು ಎಷ್ಟು ದೊಡ್ಡದಿರಬೇಕು?

ನಮಸ್ಕಾರ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನ ಹರಳು ಮೇಳದಲ್ಲಿ ಕೊಂಡ 60 ಮಿ.ಮೀ. ಉದ್ದದ ಟರ್ಕಾಯ್ಸ್ (ನೀಲಿ-ಹಸಿರು ಬಣ್ಣದ ಹರಳು) ತುಂಡನ್ನು ಇಡಿಯಾಗಿ ಬೋಲೋ ಟೈಗೆ (ಹೆಣೆದ ದಾರಕ್ಕೆ ಅಲಂಕಾರದ ಕ್ಲಿಪ್ಪು ಸಿಕ್ಕಿಸಿ ಕೊರಳಿಗೆ ಹಾಕುವ ಟೈ) ಬಳಸಬಹುದೇ, ಹಿಂಬದಿಯ ಕ್ಲಿಪ್ಪಿಗೆ ಅಂಟು ಸಾಕೇ, ಅರಿಜೋನಾದ ಮದುವೆಯೊಂದಕ್ಕೆ ಸೂಟಿನ ಜೊತೆ ಅದು ಒಪ್ಪುತ್ತದೆಯೇ ಎಂದು ತಾವು ಕೇಳಿದ್ದೀರಿ. ಇಡಿಯಾಗಿ ಬಳಸುವುದು ಬೇಡ ಎಂದೇ ನನ್ನ ಸಲಹೆ.

ಮುಖ್ಯ ಕಾರಣ ತೂಕ. 60×45 ಮಿ.ಮೀ. ಅಳತೆಯ, ಸರಾಸರಿ 6 ಮಿ.ಮೀ. ದಪ್ಪದ ಅಂಡಾಕಾರದ ಕಲ್ಲೊಂದೇ 33 ಗ್ರಾಂ ಹತ್ತಿರ ತೂಗುತ್ತದೆ. ಅದಕ್ಕೆ ಬೆಳ್ಳಿಯ ತಗಡು, ಕಲ್ಲನ್ನು ಸುತ್ತ ಹಿಡಿದಿಡುವ ಕಟ್ಟು, ಕ್ಲಿಪ್ಪು ಸೇರಿದರೆ ಹೆಣೆದ ಚರ್ಮದ ದಾರದ ಮೇಲೆ ಅದು ನಿಂತಲ್ಲಿ ನಿಲ್ಲದೆ ಮುಂದಕ್ಕೆ ವಾಲುತ್ತದೆ. 40×30 ಮಿ.ಮೀ.ಗೆ ಇಳಿಸಿ, ಸರಾಸರಿ ದಪ್ಪವನ್ನು 5 ಮಿ.ಮೀ.ಗೆ ತಂದರೆ ಕಲ್ಲಿನ ತೂಕ 12 ಗ್ರಾಂ ಆಸುಪಾಸಿಗೆ ಬರುತ್ತದೆ. ಕ್ಲಿಪ್ಪನ್ನು ನಡುಮಧ್ಯದಲ್ಲಿ ಕೂರಿಸದೆ ತುಸು ಮೇಲಕ್ಕೆ ಕೂರಿಸಿದರೆ ವಾಲುವುದೂ ತಪ್ಪುತ್ತದೆ.

ಟರ್ಕಾಯ್ಸ್‌ನ ಗಡಸುತನ 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ 5ರಿಂದ 6 ಮಾತ್ರ, ಅಗೇಟ್ ಎಂಬ ಸಿಲಿಕಾ ಕಲ್ಲಿನದು ಸುಮಾರು 7. ಆದ್ದರಿಂದ ಅಗೇಟಿಗೆ ಒತ್ತುವಷ್ಟು ಬಲವಾಗಿ ಇದನ್ನು ಉಜ್ಜುವ ಚಕ್ರಕ್ಕೆ ಒತ್ತಬಾರದು. ಮಾರುಕಟ್ಟೆಗೆ ಬರುವ ಟರ್ಕಾಯ್ಸ್‌ನಲ್ಲಿ ಬಹುಪಾಲು ರಾಳ ಕುಡಿಸಿ ಗಟ್ಟಿಮಾಡಿದ್ದೇ ಆಗಿರುವುದರಿಂದ ಬಿಸಿಯೂ ಅದಕ್ಕೆ ಆಗದು. ನೀರು ಹರಿಯುತ್ತಿರುವಾಗಲೇ ಉಜ್ಜಿ, ಮೂಗಿಗೆ ಧೂಳು ತಡೆಯುವ ಮುಖಗವಸು ಹಾಕಿಕೊಳ್ಳಿ. ಅಭ್ಯಾಸಕ್ಕೆಂದು ಮೊದಲು ಅಗೇಟ್ ಉಜ್ಜುವುದಾದರೆ ಇದು ಇನ್ನೂ ಮುಖ್ಯ, ಏಕೆಂದರೆ ಅದರ ಸಿಲಿಕಾ ಧೂಳು ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ.

ಬೆಳ್ಳಿಯ ಕಟ್ಟು ಮಾಡಿಸುವುದಾದರೆ ಕ್ಲಿಪ್ಪನ್ನು ತಗಡಿಗೆ ಬೆಸೆದು, ತಣಿಸಿ, ತೊಳೆದ ನಂತರವೇ ಕಲ್ಲು ಕೂರಿಸಬೇಕು. ಕಟ್ಟಿಲ್ಲದೆ ಎಪಾಕ್ಸಿ ಅಂಟನ್ನೇ ನಂಬುವುದಾದರೆ ಕಲ್ಲಿನ ಬೆನ್ನನ್ನೂ ಕ್ಲಿಪ್ಪಿನ ತಳವನ್ನೂ ಮರಳುಕಾಗದದಿಂದ ಒರಟು ಮಾಡಿಕೊಳ್ಳಿ. ನುಣುಪಾದ ಮೈಗೆ ಹಚ್ಚಿದ ಅಂಟು ಹೆಚ್ಚು ಕಾಲ ಹಿಡಿಯದು.

ಇನ್ನು ಒಪ್ಪುವ ಪ್ರಶ್ನೆ. 1940ರ ದಶಕದಲ್ಲಿ ಅರಿಜೋನಾದ ವಿಕೆನ್‌ಬರ್ಗ್‌ನಲ್ಲಿ ವಿಕ್ಟರ್ ಸೀಡರ್‌ಸ್ಟಾಫ್ ಎಂಬ ಬೆಳ್ಳಿ ಕುಶಲಕರ್ಮಿ ರೂಪಿಸಿದ ಈ ಟೈಗೆ 1959ರಲ್ಲಿ ಪೇಟೆಂಟ್ ಸಿಕ್ಕಿತು, 1971ರಲ್ಲಿ ಅದು ಆ ರಾಜ್ಯದ ಅಧಿಕೃತ ಕಂಠಧಾರಣೆಯೂ ಆಯಿತು. ಹಾಗಿರುವಾಗ ಅಲ್ಲಿಯ ಮದುವೆಯಲ್ಲಿ ಅದನ್ನು ಯಾರೂ ವೇಷವೆಂದು ನೋಡಲಾರರು. ಅಂಗಿಯ ಮೇಲ್ಗುಂಡಿ ಹಾಕಿ ಕಲ್ಲನ್ನು ಕಾಲರಿನವರೆಗೆ ಏರಿಸಿದರೆ ಔಪಚಾರಿಕ. ಗುಂಡಿ ಬಿಚ್ಚಿ ಕೆಳಗಿಳಿಸಿದರೆ ಸಂಜೆಯ ಪಾರ್ಟಿಗೆ ಸರಿ. ಮಾದರಿಯ ವಿಷಯದಲ್ಲಿ ಮಾತ್ರ ಜೂನಿ, ನವಾಹೋ, ಹೋಪಿ ಎಂಬ ಅಲ್ಲಿಯ ಮೂಲನಿವಾಸಿ ಜನಾಂಗಗಳ ಕುಶಲಿಗರ ಚಿತ್ತಾರಗಳನ್ನು ನಕಲು ಮಾಡಬೇಡಿ. ಮುಂದೆ ಮಾರುವ ಯೋಚನೆಯಿದ್ದರಂತೂ, ಮೂಲನಿವಾಸಿಗಳ ಕೈಕೆಲಸವೆಂದು ತಪ್ಪು ಭಾವನೆ ಹುಟ್ಟಿಸಿ ಮಾರುವುದನ್ನು ಅಮೆರಿಕದ 1990ರ ಕಾಯಿದೆ ಅಪರಾಧವೆನ್ನುತ್ತದೆ. ಒಳ್ಳೆಯ ಕಲ್ಲಿಗೆ ಸಾದಾ ಕಟ್ಟೇ ಚೆಂದ ಎಂಬುದು ಹೇಗೂ ನನ್ನ ಅಭಿರುಚಿ.

ಸುಗಂಧದ್ರವ್ಯ, ಸಾಬೂನು, ಎಣ್ಣೆ ತಾಗಿದರೆ ಟರ್ಕಾಯ್ಸ್‌ನ ಬಣ್ಣ ಕೆಡಬಹುದಾದ್ದರಿಂದ, ಮದುವೆಯ ದಿನ ಸೆಂಟು ಹಚ್ಚಿಕೊಂಡು ಅದು ಆರಿದ ಮೇಲೆಯೇ ಟೈ ಧರಿಸಬೇಕು.