ಎಂಡಿಎಂಎ (ಎಕ್ಸ್‌ಟಸಿ ಅನ್ನುವ ಪಾರ್ಟಿ ಮಾದಕ) ಗುಳಿಗೆ ತಗೊಂಡು ನೀರು ಕುಡೀತಾ ಇದ್ದರೆ ಅಪಾಯವಿಲ್ಲವೇ?

‘ಒಂದು ಗುಳಿಗಿಗೆ ಏನೂ ಆಗಂಗಿಲ್ಲ, ನೀರು ಕುಡ್ಕೋತ ಇರು ಸಾಕು’ ಅಂತ ಗೋವಾಕ್ಕೆ ಹೋಗುವ ಗೆಳೆಯರು ಹೇಳ್ತಾರೆ, ನಿಜವೇ ಅಂತ ಕೇಳಿದ್ದೀರಿ. ನನಗೆ ಹೆದರಿಕೆ ಆಗೋದು ಆ ನೀರಿನ ಮಾತಿಗೇ.

ನಾನು ಬೆಳಗಾವಿಯ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ನರ್ಸ್. ಚೋರ್ಲಾ ಘಾಟ್ ಇಳಿದರೆ ಗೋವಾ. ಶನಿವಾರ ಇಳಿದವರಲ್ಲಿ ಒಬ್ಬಿಬ್ಬರು ರವಿವಾರ ಸೀದಾ ನಮ್ಮಲ್ಲಿಗೇ ಬರುತ್ತಾರೆ. ಒಬ್ಬ ಹುಡುಗ ಹಾಗೇ ಬಂದಿದ್ದ. ರಾತ್ರಿ ಗುಳಿಗೆ, ನಸುಕಿಗೆ ಕಾರು. ದವಡೆ ಬಿಗಿದು ಟೀ ಶರ್ಟಿನ ಕೊರಳಪಟ್ಟಿ ಕಚ್ಚಿ ಕಚ್ಚಿ ತೊಯ್ದುಹೋಗಿತ್ತು. ಹೆಸರು ಕೇಳಿದರೂ ‘ಹ್ಞೂಂ’, ಊರು ಕೇಳಿದರೂ ‘ಹ್ಞೂಂ’. ‘ನೀರ ಭಾಳ ಕುಡಿಸೇವ್ರಿ ಸಿಸ್ಟರ್, ನಾಲ್ಕೈದು ಬಾಟ್ಲಿ’ ಅಂದ ಗೆಳೆಯ, ಒಳ್ಳೆ ಕೆಲಸ ಮಾಡಿದವನ ಮುಖ ಮಾಡಿಕೊಂಡು. ರಿಪೋರ್ಟ್ ಬಂತು: ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, 118. ಇರಬೇಕಾದ್ದು 135ರಿಂದ 145.

ಎಂಡಿಎಂಎ ಮಿದುಳಿನ ಸೆರೊಟೋನಿನ್ ಅನ್ನು, ಅಂದರೆ ಮನಸ್ಸಿನ ಲಹರಿ ನೋಡಿಕೊಳ್ಳುವ ರಾಸಾಯನಿಕವನ್ನು, ಒಮ್ಮೆಲೇ ಹೊರಗೆ ಸುರಿಸುತ್ತದೆ. ಮುಕ್ಕಾಲು ಗಂಟೆಯೊಳಗೆ ಎಲ್ಲರ ಮೇಲೂ ಪ್ರೀತಿ ಉಕ್ಕುತ್ತದೆ, ಮೂರರಿಂದ ಆರು ತಾಸು ಕುಣಿದರೂ ದಣಿವು ಗೊತ್ತಾಗುವುದಿಲ್ಲ. ಅದೇ ಹೊತ್ತಿಗೆ ಮೈ ಕಾಯುತ್ತದೆ. ಜ್ವರ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸ್ನಾಯು ಕರಗಿ ಕಿಡ್ನಿಗೂ ಪೆಟ್ಟು. ನೀರಿನ ಸಲಹೆ ಹುಟ್ಟಿದ್ದು ಇದಕ್ಕೇ, ಸುಳ್ಳಲ್ಲ. ಆದರೆ ಈ ಮದ್ದು ಮೂತ್ರ ತಡೆಯುವ ಹಾರ್ಮೋನನ್ನೂ ಏರಿಸುತ್ತದೆ. ಕುಡಿದ ನೀರು ಹೊರಗೆ ಹೋಗುವುದಿಲ್ಲ, ರಕ್ತದ ಉಪ್ಪು ತೆಳುವಾಗುತ್ತದೆ, ಮಿದುಳು ಬಾಯುತ್ತದೆ. ತಲೆನೋವು, ವಾಂತಿ, ಗೊಂದಲ, ಆಮೇಲೆ ಫಿಟ್ಸ್. ಹೆಣ್ಣುಮಕ್ಕಳಿಗೆ ಈ ಅಪಾಯ ಇನ್ನೂ ಹೆಚ್ಚು.

ಇನ್ನು ಗುಳಿಗೆಯಲ್ಲಿ ಎಂಡಿಎಂಎಯೇ ಇದೆ ಅಂತ ಯಾರು ಹೇಳಬೇಕು? ಪಿಎಂಎ ಅನ್ನೋ, ಇದರಂಥದ್ದೇ ಆದರೆ ಇನ್ನೂ ವಿಷದ ಮಾದಕ ಬೆರೆಸಿದ್ದರೆ ನಿಧಾನಕ್ಕೆ ಏರುತ್ತದೆ. ‘ಏನೂ ಆಗವಲ್ದು’ ಅಂತ ಎರಡನೆಯದು ನುಂಗಿದವರ ಜೀವ ಹೋಗಿದೆ. ಖಿನ್ನತೆಗೋ ನೋವಿಗೋ ಮಾತ್ರೆ ನಡೆದಿದ್ದರೆ, ಟ್ರಮಡಾಲ್ ಅಂಥದ್ದು, ಇನ್ನೂ ಕಷ್ಟ. ಶನಿವಾರದ ಸಾಲಕ್ಕೆ ಮಂಗಳವಾರ ಬಡ್ಡಿ ಕಟ್ಟಿದಂತೆ ಎರಡು-ಮೂರು ದಿನ ಮನಸ್ಸು ಕುಸಿಯುವುದೂ ಉಂಟು.

ಯಾರಾದರೂ ಮೈ ಸುಡುತ್ತಾ, ತೊದಲುತ್ತಾ, ವಾಂತಿ ಮಾಡುತ್ತಾ ಇದ್ದರೆ ನೀರು ಒತ್ತಾಯಿಸಬೇಡಿ. ತಂಪಿನಲ್ಲಿ ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ಬಂದವರಿಗೆ ಏನು ತಗೊಂಡಿದ್ದು ಅಂತ ನೇರ ಹೇಳಿ. ನಮ್ಮ ಆ ಹುಡುಗನ ಗೆಳೆಯರು ‘ಫುಡ್ ಪಾಯಿಸನ್ರಿ’ ಅನ್ನೋದನ್ನು ಬಿಡುವುದಕ್ಕೇ ಇಪ್ಪತ್ತು ನಿಮಿಷ ತಗೊಂಡರು. ಅಷ್ಟರಲ್ಲಿ ಅವನಿಗೆ ಫಿಟ್ಸ್ ಶುರುವಾಗಿತ್ತು.